ವಿದಗ್ಧ ದೀಪಗಳ ಸಹವಾಸ

ಕ್ರೋಧಿ ಸಂವತ್ಸರದ ಯುಗಾದಿಗೆ, ಎಂದರೆ 2024ನೆಯ ಇಸವಿಯ ಏಪ್ರಿಲಿನಲ್ಲಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಚಿರಂಜೀವಿಯು ಊರಿಗೆ ಬರುವಾಗ ಹೊಸ ಬಟ್ಟೆಗಳ ಜತೆಗೆ ಎಂಟು ಬಲ್ಬುಗಳನ್ನೂ ತಂದನು. ನೋಡುವುದಕ್ಕೆ ಅವು ಅಂಗಡಿಯಲ್ಲಿ ಸಿಕ್ಕುವ ಎಲ್.ಇ.ಡಿ. ಬಲ್ಬುಗಳಂತೆಯೇ ಇದ್ದುವು. ಆದರೆ ಒಂದೊಂದರ ಹೊಟ್ಟೆಯಲ್ಲಿಯೂ ಒಂದು ಪುಟ್ಟ ರೇಡಿಯೋ ಇರುವುದೆಂದೂ, ಮೊಬೈಲಿನಿಂದ ಅಪ್ಪಣೆ ಕೊಟ್ಟರೆ ಅವು ಹೊತ್ತುವುವು, ಆರುವುವು, ಬೆಳಕನ್ನು ತಗ್ಗಿಸಿಕೊಳ್ಳುವುವೆಂದೂ ಅವನು ಹೇಳಿದನು. ಇವು ಬಂದುದು ನಮ್ಮ ವಿನೋದಕ್ಕಾಗಿ ಅಲ್ಲ. ನಮ್ಮ ತಾಯಿಯವರಿಗೆ ಈಗ 84 ವರ್ಷ ವಯಸ್ಸು, ಕಣ್ಣು ಮಂದವಾಗಿದೆ, ರಾತ್ರಿಯಲ್ಲಿ ಎರಡು ಮೂರು ಸಲ ಏಳುವರು. ನಡುಮನೆಯಿಂದ ಬಚ್ಚಲಿಗೆ ಹೋಗುವ ಓಣಿಯಲ್ಲಿ ಒಂದು ಹೊಸ್ತಿಲು, ಎರಡು ಮೆಟ್ಟಿಲು. ಸ್ವಿಚ್ಚಾದರೋ ಹೊಸ್ತಿಲಿನ ಆಚೆ! ಆ ದಾರಿಯಲ್ಲಿ ದೀಪವು ತಾನಾಗಿ ಹೊತ್ತಿಕೊಳ್ಳಬೇಕೆಂಬುದು ಮೊಮ್ಮಗನ ಸಂಕಲ್ಪವಾಗಿದ್ದಿತು.

ಇಂತಹ ದೀಪಗಳಿಗೆ 'ಸ್ಮಾರ್ಟ್' ಎಂಬ ವಿಶೇಷಣವನ್ನು ಹಚ್ಚುವರು. ಇದಕ್ಕೆ ನಮ್ಮಲ್ಲಿ ಏನೆನ್ನಬೇಕೆಂದು ಮಗನು ಕೇಳಲು, ಮೂವತ್ತು ವರ್ಷ ಪಾಠ ಹೇಳಿದ ಚಾಪಲ್ಯದಿಂದ ನಾವು 'ವಿದಗ್ಧ' ಎನ್ನಬಹುದೆಂದು ಹೇಳಿದೆವು. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಚತುರವೆಂಬ ಅರ್ಥವೂ ಉಂಟು, ಸುಟ್ಟುಹೋದುದು ಎಂಬ ಅರ್ಥವೂ ಉಂಟು. ಎರಡನೆಯ ಅರ್ಥವನ್ನು ನಾವು ಆಗ ಹಾಸ್ಯಕ್ಕಾಗಿ ಹೇಳಿದ್ದೆವು.

ದೂರದಲ್ಲಿ ಕುಳಿತು ದೀಪವನ್ನು ಆಳಬೇಕೆಂಬ ಆಸೆ ಇಂದಿನದಲ್ಲ. ಸ್ಕಾಟ್ಲೆಂಡಿನ ಒಂದು ಕಂಪೆನಿಯವರು 1975ರಲ್ಲಿಯೇ ಎಕ್ಸ್-10 ಎಂಬ ಕ್ರಮವನ್ನು ಕಲ್ಪಿಸಿದ್ದರು. ಅದರಲ್ಲಿ ಸಂಜ್ಞೆಯು ಮನೆಯ ಕರೆಂಟಿನ ತಂತಿಯ ಮೇಲೆಯೇ ಓಡುತ್ತಿದ್ದಿತು. 2012ರಲ್ಲಿ ಫಿಲಿಪ್ಸ್ ಕಂಪೆನಿಯ ಹ್ಯೂ ದೀಪಗಳು ಹೊರಬಂದ ಮೇಲೆ ಮೊಬೈಲಿನಿಂದ ಬಲ್ಬನ್ನು ನಡೆಸುವ ರೂಢಿಯು ಹಬ್ಬಿತು. ಈ ಚರಿತ್ರೆ ಇಷ್ಟು ಸಾಕು. ನಮ್ಮ ವಾಚಕರಲ್ಲಿ ಅನೇಕರ ಮನೆಗಳಿಗೂ ಮಕ್ಕಳ ಮೂಲಕ ಇವು ಬರತಕ್ಕವೇ ಆದುದರಿಂದ, ನಮಗೆ ಆದ ಅನುಭವವನ್ನೇ ವಿಸ್ತಾರವಾಗಿ ಹೇಳುವುದು ಮೇಲು.

ಮೊದಲನೆಯ ದಿನ ಮೂರು ಗಂಟೆ ವ್ಯರ್ಥವಾಯಿತು. ಹೊಸ ಬಲ್ಬನ್ನು ಹೋಲ್ಡರಿಗೆ ಹಾಕಿ ಸ್ವಿಚ್ಚು ಒತ್ತಿದರೆ ಅದು ಮಿಣಮಿಣನೆ ಮಿನುಗುವುದು. 'ನಾನು ಸಿದ್ಧ' ಎಂಬುದಕ್ಕೆ ಅದೇ ಗುರುತು. ಆಗ ಮೊಬೈಲಿನ ಆ್ಯಪಿನಲ್ಲಿ ಮನೆಯ ವೈಫೈಯ ಹೆಸರು, ಗುಟ್ಟಿನ ಪದ ಎರಡನ್ನೂ ಕೊಡಬೇಕು. ನಾವು ಕೊಟ್ಟೆವು. ಆ್ಯಪು ನೂರರವರೆಗೆ ಎಣಿಸಲು ಹೊರಟು ತೊಂಬತ್ತರ ಸಮೀಪದಲ್ಲಿ ನಿಂತು, ಆಗಲಿಲ್ಲವೆಂದಿತು. ನಾಲ್ಕು ಸಲವೂ ಇದೇ ಕಥೆ. ಗುಟ್ಟಿನ ಪದವನ್ನು ತಪ್ಪಾಗಿ ಬರೆದಿರಬೇಕೆಂದು ನಾವು ಮಗನನ್ನು ಗದರಿಸಿಕೊಂಡೆವು; ತಪ್ಪು ಅವನದಾಗಿರಲಿಲ್ಲ. ಈಗಿನ ರೌಟರುಗಳು ಒಂದೇ ಹೆಸರಿನಲ್ಲಿ ಎರಡು ಬಗೆಯ ಅಲೆಗಳನ್ನು ಹೊರಡಿಸುವುವು: 2.4 ಗಿಗಾಹರ್ಟ್ಸಿನದೊಂದು, 5 ಗಿಗಾಹರ್ಟ್ಸಿನದೊಂದು. ಹೊಸ ಮೊಬೈಲು ವೇಗದ ಆಸೆಗೆ ಎರಡನೆಯದನ್ನು ಹಿಡಿಯುವುದು. ಇಂತಹ ಬಲ್ಬುಗಳಲ್ಲಿ ಹೆಚ್ಚಿನವು ಮೊದಲನೆಯದನ್ನು ಮಾತ್ರ ಬಲ್ಲವು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ ಸಂತೆಯಂತಾಯಿತು. ರೌಟರಿನ ಅಂಕೆಯಲ್ಲಿ 5ನ್ನು ಸ್ವಲ್ಪ ಹೊತ್ತು ನಿಲ್ಲಿಸಿದೊಡನೆ ಎಂಟು ಬಲ್ಬುಗಳೂ ಅರ್ಧ ಗಂಟೆಯಲ್ಲಿ ಸೇರಿಕೊಂಡುವು. ಆಮೇಲೆ ಅದನ್ನು ಪುನಃ ನಡೆಯಗೊಟ್ಟರೆ ಬಾಧಕವಿಲ್ಲ. ಮೊಬೈಲಿನಲ್ಲಿ ಬ್ಲೂಟೂತು, ಸ್ಥಳದ ಅನುಮತಿ ಇವೆರಡನ್ನೂ ಆ ಹೊತ್ತಿಗೆ ಕೊಟ್ಟಿರಬೇಕಾಗುವುದುಂಟು. ಹಾಗೆಯೇ ಬಲ್ಬನ್ನು ಕೊಳ್ಳುವಾಗ ನಮ್ಮ ಮನೆಗಳ ಒತ್ತಿ ತಿರುಗಿಸುವ ಹೋಲ್ಡರಿಗೆ ಹೊಂದುವ ಬಿ-22 ಎಂಬುದನ್ನು ಕೇಳಬೇಕು. ತಿರುಪಿನ ಇ-27 ತಂದರೆ ಅಂಗಡಿಗೆ ಇನ್ನೊಂದು ಯಾತ್ರೆ.

ನಮ್ಮದು ತೀರ್ಥಹಳ್ಳಿಯ ಸೀಮೆಯ ಹಳೆಯ ಮನೆ. ಜಂಬಿಟ್ಟಿಗೆಯ ಗೋಡೆ ಒಂದೂವರೆ ಅಡಿ ದಪ್ಪ. ಜಗಲಿಯಲ್ಲಿದ್ದ ರೌಟರಿನ ಅಲೆಯು ಮೂರು ಗೋಡೆಗಳನ್ನು ದಾಟಿ ಬಚ್ಚಲ ಓಣಿಗೆ ಬರುವಷ್ಟರಲ್ಲಿ ಸೊರಗುತ್ತಿದ್ದಿತು. ಅದನ್ನು ನಡುಮನೆಗೆ ತಂದಿರಿಸಿದ ಮೇಲೆ ಸರಿಹೋಯಿತು. ಮುಂದೆ ಎಂದಾದರೂ ರೌಟರನ್ನು ಬದಲಾಯಿಸುವವರು ಹಳೆಯ ಹೆಸರನ್ನೂ ಗುಟ್ಟಿನ ಪದವನ್ನೂ ಹೊಸದಕ್ಕೆ ಹಾಗೆಯೇ ಇಡುವುದು ಉತ್ತಮ; ಇಲ್ಲವಾದರೆ ಒಂದೊಂದು ಬಲ್ಬಿಗೂ ಪುನಃ ಉಪನಯನ ಮಾಡಬೇಕಾಗುವುದು.

ಆಮೇಲೆ ತೊಡಕು ಬಂದುದು ಮನೆಯ ಸದಾಚಾರದಿಂದ. ಕೋಣೆಯನ್ನು ಬಿಟ್ಟು ಹೊರಡುವಾಗ ದೀಪವನ್ನು ಆರಿಸಬೇಕೆಂಬುದು ನಮ್ಮ ಮನೆಯವರು ಮೂವತ್ತು ವರ್ಷಗಳಿಂದ ನಡೆಸಿಕೊಂಡು ಬಂದ ವ್ರತ. ಗೋಡೆಯ ಸ್ವಿಚ್ಚನ್ನು ಆರಿಸಿದರೆ ಬಲ್ಬಿನೊಳಗಿನ ರೇಡಿಯೋವೂ ಸತ್ತಂತೆಯೇ. ಮೊಬೈಲು ಎಷ್ಟು ಕೂಗಿದರೂ ಕೇಳುವವರಿಲ್ಲ. ಹಾಗಾದರೆ ಸ್ವಿಚ್ಚನ್ನು ಹಗಲಿರುಳೂ ಹಾಕಿಯೇ ಇಟ್ಟರೆ ಕರೆಂಟು ವ್ಯರ್ಥವಲ್ಲವೆ ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಬಲ್ಬೊಂದು ಅಪ್ಪಣೆಗಾಗಿ ಕಾದುಕೊಂಡಿರುವುದಕ್ಕೆ ಅರ್ಧ ವಾಟು ಹಿಡಿಯುವುದೆಂದು ಇಟ್ಟುಕೊಂಡರೆ, ಎಂಟು ಬಲ್ಬುಗಳಿಗೆ ತಿಂಗಳಿಗೆ ಮೂರು ಯೂನಿಟಿಗೆ ಕೊಂಚ ಕಡಮೆ. ಲೆಕ್ಕವನ್ನು ಒಪ್ಪಿಕೊಂಡರು, ಕೈಯನ್ನು ಮಾತ್ರ ತಡೆಯಲಾರದೆ ಹೋದರು. ಕಡೆಗೆ ಓಣಿಯ ಸ್ವಿಚ್ಚಿನ ಮೇಲೆ ಒಂದು ಕಾಗದವನ್ನು ಅಂಟಿಸಬೇಕಾಯಿತು. ಮಗನು ತಂದಿದ್ದ ಮಾತನಾಡುವ ಯಂತ್ರದ ಗತಿಯೂ ಹೀಗೆಯೇ ಆಯಿತು. ನಮ್ಮ ಮನೆಗೆ ಬಂದುದಕ್ಕೆ ಇಂಗ್ಲಿಷೂ ಹಿಂದಿಯೂ ಬರುತ್ತಿದ್ದುವೇ ಹೊರತು ಕನ್ನಡವಿಲ್ಲ. ತಾಯಿಯವರು "ದೀಪ ಹಾಕಪ್ಪಾ" ಎಂದು ಎರಡು ದಿನ ಗೌರವದಿಂದ ಕೇಳಿ ನೋಡಿ, ಮೂರನೆಯ ದಿನ ಅದಕ್ಕೆ ಕಿವಿ ಮಂದವೆಂದು ತೀರ್ಮಾನಿಸಿ ಸುಮ್ಮನಾದರು. ಅದು ಬೆಂಗಳೂರಿಗೆ ಹಿಂದಿರುಗಿತು.

ಆಷಾಢದ ಮಳೆ ಹಿಡಿಯಿತು. ನಮ್ಮ ಕಡೆ ಗಾಳಿ ಬೀಸಿದರೆ ಮರ ತಂತಿಯ ಮೇಲೆ ಬೀಳುವುದೂ ಕರೆಂಟು ಹೋಗುವುದೂ ಹೊಸದಲ್ಲ. ಒಂದು ರಾತ್ರಿ ಎರಡು ಗಂಟೆಗೆ ಹೋದ ಕರೆಂಟು ಬಂದೊಡನೆ ಮನೆಯ ಎಂಟು ಬಲ್ಬುಗಳೂ ಪೂರ್ಣ ಪ್ರಕಾಶದಿಂದ ಹೊತ್ತಿಕೊಂಡುವು. ತಾಯಿಯವರು ಬೆಳಗಾಯಿತೆಂದು ತಿಳಿದು ಎದ್ದು ಮುಖ ತೊಳೆದರು. ಕರೆಂಟು ಬಂದಾಗ ಹೊತ್ತಿಕೊಳ್ಳಬೇಕೋ, ಹಿಂದಿನ ಸ್ಥಿತಿಯಲ್ಲಿಯೇ ಇರಬೇಕೋ ಎಂಬುದನ್ನು ಅನೇಕ ಆ್ಯಪುಗಳಲ್ಲಿ ಮೊದಲೇ ಗೊತ್ತುಮಾಡಿಡಬಹುದು. ನಾವು ಮಾಡಿರಲಿಲ್ಲ. ಇದು ನಗುವ ವಿಷಯ. ಮುಂದಿನ ವಾರ ನಡೆದುದು ನಗುವುದಲ್ಲ.

ಅಂದು ಸಂಜೆ ಕರೆಂಟು ಒಂದು ನಿಮಿಷದಲ್ಲಿ ನಾಲ್ಕಾರು ಸಲ ಹೋಗಿ ಬಂದಿತು. ಇಂತಹ ಬಲ್ಬುಗಳಲ್ಲಿ ಅನೇಕಕ್ಕೆ ಒಂದು ಸಂಕೇತವುಂಟು: ಬೇಗಬೇಗನೆ ಮೂರೋ ಐದೋ ಸಲ ಆರಿಸಿ ಹೊತ್ತಿಸಿದರೆ, ಯಜಮಾನನು ತನ್ನನ್ನು ಹೊಸದಾಗಿ ಜೋಡಿಸಲು ಬಯಸಿರುವನೆಂದು ತಿಳಿದು, ಅದುವರೆಗಿನ ಸಂಬಂಧವನ್ನೆಲ್ಲ ಮರೆತುಬಿಡುವುವು. ಗಾಳಿಯು ಮಾಡಿದ ಚೇಷ್ಟೆಯನ್ನು ಓಣಿಯ ಬಲ್ಬು ನಮ್ಮ ಅಪ್ಪಣೆಯೆಂದೇ ತಿಳಿಯಿತು, ಮಿಣಮಿಣನೆ ಮಿನುಗತೊಡಗಿತು. ಕಣ್ಣಿಗೆ ಹಿಂಸೆಯೆಂದು ನಮ್ಮ ಮನೆಯವರು ಕಾಗದವನ್ನು ಸರಿಸಿ ಸ್ವಿಚ್ಚನ್ನು ಆರಿಸಿದರು. ಪುನಃ ಜೋಡಿಸಬೇಕಾದವರು ನಾವು. 'ನಾಳೆ ನೋಡೋಣ' ಎಂದೆವು. ಆ ನಾಳೆ ಮೂರು ದಿನವಾಯಿತು. ನಾಲ್ಕನೆಯ ರಾತ್ರಿ ತಾಯಿಯವರು ದೀಪ ಹೊತ್ತಿಕೊಳ್ಳುವುದೆಂಬ ನಂಬಿಕೆಯಿಂದ ಗೋಡೆ ತಡವದೆ ನಡೆದು, ಎರಡನೆಯ ಮೆಟ್ಟಿಲಿನಲ್ಲಿ ಬಿದ್ದರು. ಬಲ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪಟ್ಟಿ ಕಟ್ಟಿಸಿಕೊಂಡು, ಊಟವನ್ನು ಸೊಸೆಯ ಕೈಯಿಂದ ಮಾಡಬೇಕಾಯಿತು. ದೀಪವಿಲ್ಲದ ದಿನಗಳಲ್ಲಿ ಅವರು ಹದಿನೈದು ವರ್ಷ ಅದೇ ದಾರಿಯಲ್ಲಿ ಗೋಡೆ ಹಿಡಿದು ನಡೆದು ಒಮ್ಮೆಯೂ ಬಿದ್ದಿರಲಿಲ್ಲ ಎಂಬುದನ್ನು ಯಾರೂ ನಮಗೆ ಹೇಳಲಿಲ್ಲ. ಹೇಳುವ ಅವಶ್ಯವೂ ಇರಲಿಲ್ಲ.

ಆಗ ನಾವು ಕನ್ನಡಕ ಏರಿಸಿಕೊಂಡು ವಿಷಯವನ್ನು ಬುಡದಿಂದ ನೋಡಿದೆವು. ಮನುಷ್ಯನ ಚಲನೆಯನ್ನು ಅರಿಯುವ ಸೆನ್ಸರು ಓಣಿಯ ಕೊನೆಯಲ್ಲಿ, ಬರುವವರಿಗೆ ಎದುರಾಗಿ ಇದ್ದಿತು. ಅದು ದೇಹದ ಕಾವಿನ ಕಿರಣವನ್ನು ಗ್ರಹಿಸುವ ಯಂತ್ರ. ತನ್ನ ನೋಟಕ್ಕೆ ಅಡ್ಡವಾಗಿ ಹಾದುಹೋಗುವವರನ್ನು ಚೆನ್ನಾಗಿ ಅರಿಯುವುದು, ನೇರವಾಗಿ ತನ್ನ ಕಡೆಗೆ ಮೆಲ್ಲನೆ ಬರುವವರನ್ನು ತಡವಾಗಿ ಅರಿಯುವುದು. ಮೆಲ್ಲನೆ ನಡೆಯುವವರು ವೃದ್ಧರೇ ಅಲ್ಲವೆ? ಬಲ್ಬು ಸರಿಯಾಗಿದ್ದ ದಿನಗಳಲ್ಲಿಯೂ ಕೆಲವೊಮ್ಮೆ ಮೆಟ್ಟಿಲು ಇಳಿದ ಮೇಲೆಯೇ ದೀಪ ಹೊತ್ತುತ್ತಿದ್ದಿತೆಂದು ತಾಯಿಯವರು ಆಗ ಹೇಳಿದರು. ಮೊಮ್ಮಗನಿಗೆ ಬೇಸರವಾದೀತೆಂದು ಮೊದಲು ಹೇಳಿರಲಿಲ್ಲವಂತೆ.

ಓಣಿಯಿಂದ ವಿದಗ್ಧ ಬಲ್ಬನ್ನು ತೆಗೆಸಿದೆವು. ಅದರ ಬದಲು ವೈಫೈಯ ಹಂಗಿಲ್ಲದೆ ತಂತಿಯಿಂದಲೇ ನಡೆಯುವ ಸೆನ್ಸರೊಂದನ್ನು ಪಕ್ಕದ ಗೋಡೆಯಲ್ಲಿ ಮೊಳಕಾಲಿನ ಎತ್ತರಕ್ಕೆ, ಹೊಸ್ತಿಲಿಗೆ ಅಡ್ಡವಾಗಿ ಹಾಕಿಸಿ, ಅದಕ್ಕೆ ಸಾಧಾರಣ ಬಲ್ಬನ್ನು ಜೋಡಿಸಿ, ಎರಡನ್ನೂ ಇನ್‌ವರ್ಟರಿನ ತಂತಿಗೆ ಸೇರಿಸಬೇಕೆಂದು ನಿಶ್ಚಯಿಸಿದೆವು. ಸೆನ್ಸರು ಕೆಟ್ಟರೂ ಕೈಯಿಂದ ಹೊತ್ತಿಸಲು ಸ್ವಿಚ್ಚು ಬೇರೆ.

ಇದಕ್ಕಾಗಿ ಬಂದ ವಯರ್‌ಮನ್ನನು ಹಲಗೆಯನ್ನು ಬಿಚ್ಚಿ ನೋಡಿ, ನ್ಯೂಟ್ರಲ್ ತಂತಿಯೇ ಸ್ವಿಚ್ಚಿನ ಬಳಿಗೆ ಬಂದಿಲ್ಲವೆಂದನು. ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಫೇಸು ಸ್ವಿಚ್ಚಿಗೆ ಬರುವುದು, ನ್ಯೂಟ್ರಲು ಮೇಲೆಯೇ ದೀಪಕ್ಕೆ ಹೋಗಿಬಿಡುವುದು. ಸೆನ್ಸರಿಗಾಗಲಿ ಸ್ವಿಚ್ಚಿನ ಹಿಂದೆ ಅಡಗಿಸುವ ವೈಫೈ ಪೆಟ್ಟಿಗೆಗಾಗಲಿ ತಾನು ಬದುಕಿರಲು ಎರಡೂ ತಂತಿಗಳು ಬೇಕು. ನ್ಯೂಟ್ರಲು ಬೇಡದ ಬಗೆಯೂ ಮಾರಾಟಕ್ಕೆ ಉಂಟು. ಅವು ಬಲ್ಬಿನ ಮೂಲಕವೇ ಅಲ್ಪ ಕರೆಂಟನ್ನು ಸದಾ ಹರಿಸಿಕೊಳ್ಳುವುದರಿಂದ, ಚಿಕ್ಕ ಎಲ್.ಇ.ಡಿ. ಬಲ್ಬು ಆರಿಸಿದ ಮೇಲೂ ಮಂಕಾಗಿ ಬೆಳಗುವುದು ಅಥವಾ ಮಿಟುಕುವುದು. ಮನೆಯಲ್ಲಿ ದೆವ್ವ ಸೇರಿತೆಂದು ಹೆದರುವ ಅವಶ್ಯವಿಲ್ಲ. ದೀಪದ ಬಳಿ ಅದಕ್ಕೆಂದೇ ಮಾರುವ ಕೆಪಾಸಿಟರನ್ನು ಜೋಡಿಸಿದರೆ ನಿಲ್ಲುವುದು. ಬೆಳಕನ್ನು ತಗ್ಗಿಸುವ ಹಳೆಯ ರೆಗ್ಯುಲೇಟರಿರುವ ಕಡೆ ವಿದಗ್ಧ ಬಲ್ಬನ್ನು ಹಾಕಲೇ ಕೂಡದು.

ಟೆಸ್ಟರು ಹಿಡಿದು ಒಂದೊಂದು ಹೋಲ್ಡರನ್ನೂ ಪರೀಕ್ಷಿಸುತ್ತ ಬಂದ ವಯರ್‌ಮನ್ನನು ಬಚ್ಚಲ ಬಾಗಿಲಲ್ಲಿ ನಿಂತನು. ಅಲ್ಲಿಯ ಸ್ವಿಚ್ಚು ಫೇಸಿನಲ್ಲಿರದೆ ನ್ಯೂಟ್ರಲಿನಲ್ಲಿದ್ದಿತು. ಎಂದರೆ, ಸ್ವಿಚ್ಚು ಆರಿಸಿದರೂ ಹೋಲ್ಡರಿನಲ್ಲಿ 230 ವೋಲ್ಟು ನಿಂತೇ ಇರುತ್ತಿದ್ದಿತು. ನಮ್ಮ ತೀರ್ಥರೂಪರ ಕಾಲದಿಂದಲೂ ಅದು ಹಾಗೆಯೇ ಇದ್ದಿರಬೇಕು. ಒದ್ದೆಯ ನೆಲದ ಮೇಲೆ ಮಣೆಯಿಟ್ಟು ಹತ್ತಿ, ಸ್ವಿಚ್ಚು ಆರಿಸಿದ್ದೇವೆಂಬ ಧೈರ್ಯದಿಂದ ಆ ಬಲ್ಬನ್ನು ನಾವೇ ಎಷ್ಟೋ ಸಲ ಬದಲಾಯಿಸಿದ್ದೇವೆ, ಮಗನಿಂದಲೂ ಮಾಡಿಸಿದ್ದೇವೆ. ಆ ದಿನ ನಮಗೆ ಊಟ ರುಚಿಸಲಿಲ್ಲ. ಹಳೆಯ ಮನೆಯವರು ಹೊಸ ದೀಪವನ್ನು ತರಲಿ ಬಿಡಲಿ, ಬಲ್ಲ ವಯರ್‌ಮನ್ನನಿಂದ ಇದೊಂದನ್ನು ನೋಡಿಸಿಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಒಂದು ಮಧ್ಯಾಹ್ನದ ಕೆಲಸ.

ಉಳಿದ ಬಲ್ಬುಗಳನ್ನು ನಾವು ಬಿಸಾಡಲಿಲ್ಲ. ಜಗಲಿಯ ದೀಪವು ಸೂರ್ಯಾಸ್ತಕ್ಕೆ ತಾನಾಗಿ ಹೊತ್ತಿ ಹತ್ತು ಗಂಟೆಗೆ ಆರುವುದು; ಕಾಲಕ್ಕೆ ತಕ್ಕಂತೆ ಅಸ್ತಮಾನದ ಹೊತ್ತನ್ನು ಆ್ಯಪು ತಾನೇ ತಿದ್ದಿಕೊಳ್ಳುವುದು, ಪಂಚಾಂಗ ನೋಡಬೇಕಾಗಿಲ್ಲ. ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಹೋದಾಗ ಇದು ಬಹಳ ಉಪಕಾರ. ಆದರೆ ರೌಟರನ್ನೂ ಇನ್‌ವರ್ಟರಿಗೆ ಸೇರಿಸಿರಬೇಕು. ದೀಪಕ್ಕೆ ಕರೆಂಟಿದ್ದು ರೌಟರಿಗಿಲ್ಲದಿದ್ದರೆ ಮೊಬೈಲು ಕೈಚೆಲ್ಲುವುದು.

ಇನ್ನೊಂದು ಸಂಗತಿಯು ನಮಗೆ ವಿಚಿತ್ರವಾಗಿ ಕಂಡಿತು. ನಡುಮನೆಯಲ್ಲಿ ಕುಳಿತು ಜಗಲಿಯ ದೀಪಕ್ಕೆ ಕೊಟ್ಟ ಅಪ್ಪಣೆಯು ಅನೇಕ ಬಗೆಗಳಲ್ಲಿ ಮೊದಲು ಎಲ್ಲಿಯೋ ದೂರದಲ್ಲಿರುವ ಕಂಪೆನಿಯ ಯಂತ್ರಕ್ಕೆ ಹೋಗಿ ಅಲ್ಲಿಂದ ಹಿಂದಿರುಗುವುದು. ಆ ಕಂಪೆನಿ ಬಾಗಿಲು ಮುಚ್ಚಿದರೆ? ಅಮೆರಿಕದಲ್ಲಿ ರಿವಾಲ್ವ್ ಎಂಬ ಯಂತ್ರವನ್ನು ಕೊಂಡವರಿಗೆ 2016ರಲ್ಲಿ ಹಾಗೆಯೇ ಆಯಿತು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಕಂಪೆನಿಯ ಯಂತ್ರಗಳು ಮುನ್ಸೂಚನೆಯಿಲ್ಲದೆ ನಿಂತು, ಗಿರಾಕಿಗಳಲ್ಲಿಯೇ ಕೆಲವರು ಕಂಪೆನಿಯನ್ನು ಕೊಂಡ ಮೇಲೆ ಜೂನಿನಲ್ಲಿ ಪುನಃ ನಡೆದುವು. ಅದೇ 2022ರ ಅಕ್ಟೋಬರಿನಲ್ಲಿ ಮ್ಯಾಟರ್ ಎಂಬ ಸಮಾನ ನಿಯಮವು ಪ್ರಕಟವಾಯಿತು. ಈ ಗುರುತಿರುವ ದೀಪಗಳನ್ನು ಮನೆಯೊಳಗಿನ ಜಾಲದಿಂದಲೇ ನಡೆಸಬಹುದು. ಬೇರೆ ಬೇರೆ ಕಂಪೆನಿಯವು ಒಂದೇ ಆ್ಯಪಿಗೆ ಒಗ್ಗುವುವು. ಹೊಸದಾಗಿ ಕೊಳ್ಳುವವರು ಇದನ್ನು ಕೇಳಿ ಕೊಳ್ಳಲಿ. ಅದರ ಮೇಲೆ ಅಚ್ಚಾಗಿರುವ 11 ಅಂಕಿಗಳನ್ನು ಬಲ್ಬು ಹೋಲ್ಡರಿಗೆ ಏರುವ ಮೊದಲೇ ಬರೆದಿಟ್ಟುಕೊಳ್ಳಲಿ. ಏರಿದ ಮೇಲೆ ಓದುವುದಕ್ಕೆ ಏಣಿ ಬೇಕು.

ಬರೆದಿಡುವ ಮಾತು ಬಂದುದರಿಂದ ಹೇಳುತ್ತೇವೆ. ನಮ್ಮ ಮನೆಯ ದೀಪಗಳೆಲ್ಲ ಮಗನ ಹೆಸರಿನ ಖಾತೆಯಲ್ಲಿದ್ದುವು. ಬಲ್ಬು ಮರೆತಾಗ ಅವನಿಗೆ ಫೋನು ಮಾಡದೆ ಗತಿಯಿರಲಿಲ್ಲ. ಅವನಿಗೆ ಕೆಲಸದ ನಡುವೆ ಬಿಡುವಿರಲಿಲ್ಲ. ನಾವು ಮೂರು ದಿನ ತಡಮಾಡಿದುದಕ್ಕೆ ಇದೂ ಒಂದು ಕಾರಣವೆಂದು ಹೇಳಿಕೊಂಡರೆ ಅದು ಅರ್ಧ ಸತ್ಯ. ದಸರೆಗೆ ಬಂದಾಗ ಅವನು ನಮ್ಮ ಮೊಬೈಲನ್ನೂ ಖಾತೆಗೆ ಸೇರಿಸಿದನು. ರೌಟರಿನ ಹೆಸರು, ಗುಟ್ಟಿನ ಪದ, ಒಂದೊಂದು ಬಲ್ಬಿನ ಸ್ಥಳ, ಪುನಃ ಜೋಡಿಸುವ ವಿಧಾನ ಇಷ್ಟನ್ನೂ ನಮ್ಮ ಮನೆಯವರು ಸಾಮಾನಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಈಚೆಗೆ ಜಗಲಿಯ ಬಲ್ಬು ಮರೆತಾಗ ಜೋಡಿಸಿದವರೂ ಅವರೇ. ಹತ್ತು ನಿಮಿಷ ಹಿಡಿಯಿತು.

ತಾಯಿಯವರ ಕೈ ಕೂಡಿಕೊಂಡಿತು. ಹೂ ಕಟ್ಟುವಾಗ ಮಾತ್ರ ಸ್ವಲ್ಪ ನೋಯುವುದಂತೆ. ಓಣಿಯ ದೀಪವು ಈಗ ಅವರು ಹೊಸ್ತಿಲ ಬಳಿಗೆ ಬಂದೊಡನೆ ಹೊತ್ತಿಕೊಳ್ಳುವುದು. ಹೊತ್ತಿಕೊಂಡ ಮೇಲೂ ಅವರು ಗೋಡೆ ತಡವಿ ಸ್ವಿಚ್ಚನ್ನು ತಾವೂ ಒಮ್ಮೆ ಒತ್ತಿಯೇ ಮೆಟ್ಟಿಲು ಇಳಿಯುವರು. ಅದನ್ನು ಹೊಸ್ತಿಲಿನ ಈಚೆಗೆ ತರಿಸಿದ್ದೇವೆ. ಬೆಳಿಗ್ಗೆ ಎದ್ದವರು ಆರಿಸುವೆವು.