ಕೀಲುನೋವು, ನಾರುಬೇರು ಮತ್ತು ಗಣಕಯಂತ್ರ

ಕೀಲು ಹಿಡಿದುಕೊಂಡಿತೆಂದರೆ ನಮ್ಮ ಶಾಂತಿಗ್ರಾಮದ ಹಿರಿಯರು ಮೊದಲು ಕೇಳುವುದು ಶುಂಠಿಯ ಕಷಾಯವನ್ನು. ಹಾಸನದ ಹೊಲಗಳಲ್ಲಿ ಬೆಳೆಯುವ ಈ ಶುಂಠಿಯ ಗುಣವನ್ನು ಗಣಕಯಂತ್ರವು ಹೇಗೆ ಶೋಧಿಸುತ್ತದೆ? ವಾಚಕರೊಡನೆ ಸ್ವಲ್ಪ ವಿಚಾರ ಮಾಡೋಣ.

ಕೀಲುಗಳು ಊದಿ ನೋಯುವ ಆಮವಾತಕ್ಕೆ ‘ಮಾಧವನಿದಾನ’ದಲ್ಲಿ ಪ್ರತ್ಯೇಕ ಅಧ್ಯಾಯವೇ ಉಂಟು. ರೋಗವೂ ಹಳೆಯದು, ಮದ್ದೂ ಹಳೆಯದು. ಹೊಸದಾಗಿರುವುದು ಹುಡುಕುವ ಬಗೆ. ಚೆನ್ನೈಯ ಗಣಿತವಿಜ್ಞಾನ ಸಂಸ್ಥೆಯವರು 2018ರಲ್ಲಿ ನಮ್ಮ ದೇಶದ 1,742 ಮದ್ದುಗಿಡಗಳ 9,596 ರಾಸಾಯನಿಕ ದ್ರವ್ಯಗಳನ್ನು ‘ಇಂಪ್ಯಾಟ್’ ಎಂಬ ಗಣಕಕೋಶದಲ್ಲಿ ಕಲೆಹಾಕಿದರು. ದೇಹದಲ್ಲಿ ಊತವನ್ನು ಹೆಚ್ಚಿಸುವ ಕಿಣ್ವವನ್ನು ಬೀಗವೆಂದು ಭಾವಿಸಿರಿ. ಗಿಡದ ದ್ರವ್ಯವೇ ಬೀಗದ ಕೈ. ಯಾವ ಕೈ ಯಾವ ಬೀಗಕ್ಕೆ ಹೊಂದೀತೆಂದು ಯಂತ್ರವು ಲೆಕ್ಕ ಹಾಕುತ್ತದೆ. ಶುಂಠಿಯ ಜಿಂಜೆರಾಲ್ ಇಂಥದೊಂದು ಕೈಯೆಂದು ಪ್ರಯೋಗಶಾಲೆಗಳಲ್ಲಿಯೂ ಕಂಡುಬಂದಿದೆ.

ಆದರೆ ಬೀಗ ತೆರೆದ ಮಾತ್ರಕ್ಕೆ ರೋಗ ವಾಸಿಯಾಯಿತೆಂದಲ್ಲ. ಚೀನಾದ ವಿದ್ವಾಂಸರೂ ತಮ್ಮ ಮೂಲಿಕೆಗಳನ್ನು ಹೀಗೆಯೇ ಶೋಧಿಸುತ್ತಿದ್ದಾರೆ. ಅಲ್ಲಿನ ‘ಲೇಗೊಂಗ್‌ಟೆಂಗ್’ ಬಳ್ಳಿಯು ಆಮವಾತವನ್ನು ತಗ್ಗಿಸುವುದು ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಕಂಡಿತು. ಅದೇ ಬಳ್ಳಿ ಯಕೃತ್ತಿಗೂ ಸಂತಾನಶಕ್ತಿಗೂ ಕೇಡು ಮಾಡಬಲ್ಲದೆಂಬುದೂ ತಿಳಿಯಿತು. ಗಣಕವು ಕಾಳನ್ನು ಕೇರುವ ಮೊರ. ಅನ್ನ ಬೇಯಿಸುವ ಒಲೆಯಲ್ಲ. ಆಯ್ದ ಕಾಳನ್ನು ಪ್ರಯೋಗಶಾಲೆಯೂ ವೈದ್ಯರೂ ಪರೀಕ್ಷಿಸಲೇಬೇಕು.

ಆದ್ದರಿಂದ ಬೆಳಗಿನ ಹೊತ್ತು ಬೆರಳು ಮಡಿಸಲಾಗದೆ ಕೀಲುಗಳು ಊದಿಕೊಂಡರೆ ಬರಿಯ ಕಷಾಯದಲ್ಲಿ ಕಾಲ ಕಳೆಯಬೇಡಿರಿ. ತಡವಾದರೆ ಆಮವಾತವು ಕೀಲನ್ನೇ ಕೆಡಿಸುತ್ತದೆ. ವೈದ್ಯರಿಗೆ ತೋರಿಸಿರಿ, ಮನೆಯಲ್ಲಿ ಸೇವಿಸುತ್ತಿರುವ ನಾರುಬೇರಿನ ವಿಷಯವನ್ನೂ ಮುಚ್ಚಿಡದೆ ತಿಳಿಸಿರಿ.