ಕಲ್ಯಾಣದ ಅಳತೆಗೋಲು, ಆಂಗ್ಲರ ಚಿತ್ರ

ಮನೆಯ ಗೋಡೆಗೆ ಬೆಟ್ಟದ ಚಿತ್ರವೊಂದನ್ನು ತೂಗುಹಾಕುತ್ತೇವೆ. ಅದು ಕಣ್ಣಿಗೆ ತಂಪಾಗಿರುವುದು ನಿಜ. ಆದರೆ ಮನುಷ್ಯಮುಖವಿಲ್ಲದ ನಿಸರ್ಗಚಿತ್ರಕ್ಕೆ ಭಾವವುಂಟೇ? ಅರ್ಥವುಂಟೇ?

ಇದನ್ನು ಅಳೆಯುವ ಕೋಲು ನಮ್ಮಲ್ಲಿಯೇ ಇದೆ. ಇಂದಿನ ಬಸವಕಲ್ಯಾಣವನ್ನು ರಾಜಧಾನಿಯಾಗುಳ್ಳ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಗಳ ಬಗೆಗಳನ್ನು ಹೇಳಿದ್ದಾನೆ. ಕನ್ನಡಿಯ ಪ್ರತಿಬಿಂಬದಂತೆ ವಸ್ತುವನ್ನು ಹೋಲುವುದು ವಿದ್ಧಚಿತ್ರ. ನೋಡಿದ ಮಾತ್ರಕ್ಕೆ ಶೃಂಗಾರಾದಿ ರಸವು ತಿಳಿದುಬರುವುದು ಭಾವಚಿತ್ರ.

ಈ ಕೋಲನ್ನು ಹಿಡಿದು, ನಮ್ಮ ನಾಡನ್ನೇ ಚಿತ್ರಿಸಿದ ಐರೋಪ್ಯನೊಬ್ಬನ ಕೃತಿಯನ್ನು ನೋಡೋಣ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡಿನೊಡನೆ ಬಂದವನು ಚಿತ್ರಕಾರ ರಾಬರ್ಟ್ ಹೋಮ್. ಅವನು ಸ್ಥಳದಲ್ಲಿಯೇ ಬರೆದುಕೊಂಡ ನೋಟಗಳು ಅಚ್ಚಾಗಿ 1794ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಿಂದ ಹೊರಬಂದವು. ಮಾಗಡಿಯ ಬಳಿಯ ಸಾವನದುರ್ಗವು ಅವುಗಳಲ್ಲಿ ಸೇರಿದೆ.

ಕಣ್ಣಾರೆ ಕಂಡು ಬರೆದುದಾದುದರಿಂದ ಇದು ವಿದ್ಧಚಿತ್ರವೇ ಸರಿ. ಆದರೆ ಅಷ್ಟೇ ಅಲ್ಲ. ಭಯಂಕರವಾದುದನ್ನು ದೂರದಲ್ಲಿ ಸುರಕ್ಷಿತವಾಗಿ ನಿಂತು ನೋಡಿದರೆ ಒಂದು ಬಗೆಯ ಆನಂದವುಂಟಾಗುವುದೆಂದು ಎಡ್ಮಂಡ್ ಬರ್ಕನು 1757ರಲ್ಲಿ ಪ್ರತಿಪಾದಿಸಿದ್ದನು. ಆ ಕಾಲದ ಆಂಗ್ಲ ರಸಿಕರಿಗೆ ಈ ವಿಚಾರವು ಪರಿಚಿತವಾಗಿದ್ದಿತು. ಬೋಳುಬಂಡೆಯ ಮಹಾಪರ್ವತವನ್ನು ಕಾಗದದ ಮೇಲೆ ಕಂಡವನಿಗೆ ಭಯಾನಕ, ಅದ್ಭುತ ರಸಗಳೆರಡೂ ಒಟ್ಟಿಗೆ ಉದಿಸಬಹುದು. ಇದು ಭಾವ.

ಇನ್ನು ಅರ್ಥ. ಸಾವನದುರ್ಗವು 1791ರ ಡಿಸೆಂಬರ್ 21ರಂದು ಆಂಗ್ಲರ ವಶವಾಯಿತು. ಪರ್ವತವು ದುರ್ಗಮವಾಗಿ ಕಂಡಷ್ಟೂ ಅದನ್ನು ಗೆದ್ದವರ ಕೀರ್ತಿಯು ಹೆಚ್ಚುವುದಲ್ಲವೇ? ಕಾದು ಮಡಿದವರ ಮನೆಯ ದುಃಖಕ್ಕೆ ಆ ಬಂಡೆಯಲ್ಲಿ ಎಡೆಯಿಲ್ಲ.

ಪರರನ್ನು ಮಾತ್ರ ಹಳಿಯುವುದು ನ್ಯಾಯವಲ್ಲ. ಹುಮನಾಬಾದ ತಾಲೂಕಿನ ಜಲಸಂಗ್ವಿ ದೇವಾಲಯದಲ್ಲಿ ಬರೆಯುತ್ತ ನಿಂತ ಶಿಲಾಸುಂದರಿಯೊಬ್ಬಳಿದ್ದಾಳೆ. ಅವಳ ಬಳುಕಿಗೆ ಮನಸೋಲದವರಿಲ್ಲ. ಅವಳ ಕೈಯ ಫಲಕದ ಮೇಲಿರುವುದಾದರೋ ಆರನೆಯ ವಿಕ್ರಮಾದಿತ್ಯನ ವಿಜಯಪ್ರಶಂಸೆ! ಆಕೆ ತನ್ನ ಒಡೆಯನ ಹೆಸರನ್ನು ಬಹಿರಂಗವಾಗಿ ಬರೆದಿದ್ದಾಳೆ. ನಿಸರ್ಗಚಿತ್ರವು ಅದನ್ನು ಬರೆಯದೆಯೇ ಸೂಚಿಸುತ್ತದೆ.

ಆದಕಾರಣ ಮಕ್ಕಳೊಡನೆ ಬಸವಕಲ್ಯಾಣದ ಕೋಟೆಯನ್ನು ನೋಡುವಾಗಲಾಗಲಿ, ಮನೆಯ ಗೋಡೆಯ ಚಿತ್ರವನ್ನು ತೋರಿಸುವಾಗಲಾಗಲಿ ಮೂರು ಪ್ರಶ್ನೆಗಳನ್ನು ಕೇಳಿರಿ: ಇಲ್ಲಿ ಕಾಣುವುದೇನು? ಮನಸ್ಸಿಗೆ ಅನಿಸುವುದೇನು? ಇಲ್ಲಿ ಕಾಣದೆ ಹೋದವರು ಯಾರು? ಮೊದಲಿನ ಎರಡನ್ನು ಸೋಮೇಶ್ವರನು ಕಲಿಸಿದ್ದಾನೆ. ಮೂರನೆಯದನ್ನು ನಾವೇ ಕಲಿಯಬೇಕು.