‘ಮನೆಯಲ್ಲೇ’ ಇದ್ದ ಅಜ್ಜಿ

ನಮ್ಮ ಬಂಟ್ವಾಳದ ಕಡೆ ‘ನಿಮ್ಮ ಅಜ್ಜಿ ಎಂತ ಮಾಡ್ತಾರೆ?’ ಎಂದು ಕೇಳಿದರೆ ‘ಮನೆಯಲ್ಲೇ, ಬೀಡಿ ಕಟ್ತಾರೆ’ ಎನ್ನುವುದು ವಾಡಿಕೆ. ‘ಮನೆಯಲ್ಲೇ’ ಎಂಬುದು ಮೊದಲು, ಕೆಲಸ ಆಮೇಲೆ. ನನ್ನ ಅಜ್ಜಿ ಹೀಗೆ ‘ಮನೆಯಲ್ಲೇ’ ಇದ್ದುಕೊಂಡು ಮೂರು ಮಕ್ಕಳನ್ನು ಸಾಕಿದರು, ಎರಡು ಮದುವೆ ಮಾಡಿಸಿದರು, ಮುಳಿಹುಲ್ಲಿನ ಮಾಡು ತೆಗೆಸಿ ಹೆಂಚು ಹಾಕಿಸಿದರು. ಅಜ್ಜ ತೀರಿಕೊಂಡಾಗ ಅವರಿಗೆ ಮೂವತ್ತು ವರ್ಷವೂ ಆಗಿರಲಿಲ್ಲ.

ಬೀಡಿ ಕಟ್ಟುವುದನ್ನು ನೋಡದವರಿಗೆ ಸ್ವಲ್ಪ ವಿವರ ಹೇಳಬೇಕು. ಎಲೆ ನಮ್ಮ ಊರಿನದಲ್ಲ, ಮಧ್ಯಪ್ರದೇಶ, ಒಡಿಶಾದಂಥ ಕಡೆಯ ಕಾಡಿನದು. ಕಟ್ಟಿದ ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ತರುವ ಜಾಗಕ್ಕೆ ನಮ್ಮಲ್ಲಿ ‘ಬ್ರಾಂಚು’ ಎನ್ನುತ್ತಾರೆ. ಅಲ್ಲಿಂದ ತೂಗಿ ತಂದ ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಮೆತ್ತಗಾದ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ಆಮೇಲೆ ಗೆರಸೆಯನ್ನು ತೊಡೆಯ ಮೇಲಿಟ್ಟು, ಚಿಟಿಕೆ ಹೊಗೆಸೊಪ್ಪಿನ ಪುಡಿ ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಬೇಕು. 25 ಬೀಡಿಗೆ ಒಂದು ಕಟ್ಟು, 40 ಕಟ್ಟಿಗೆ ಸಾವಿರ. ಕೂಲಿ ಸಾವಿರದ ಲೆಕ್ಕದಲ್ಲಿ. ಎಲೆ ಹರಕಾಗಿದ್ದು ಲೆಕ್ಕಕ್ಕೆ ಕಡಿಮೆ ಬಿದ್ದರೆ ಅದನ್ನು ತುಂಬಿಸಿಕೊಡುವುದು ಕಟ್ಟುವವರ ತಲೆನೋವು. ಅಜ್ಜಿ ಅಂಥ ದಿನ ಬ್ರಾಂಚಿನವರನ್ನು ತುಳುವಿನಲ್ಲಿ ಬಯ್ಯುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ!

ಮಧ್ಯಾಹ್ನ ಊಟವಾದ ಮೇಲೆ ನೆರೆಮನೆಯ ನಾಲ್ಕೈದು ಹೆಂಗಸರು ಗೆರಸೆ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. ರೇಡಿಯೊ ಹಾಡುತ್ತಿರುತ್ತಿತ್ತು. ಯಾರ ಮಗಳಿಗೆ ಸಂಬಂಧ ಬಂತು, ಯಾರ ದನ ಕರು ಹಾಕಿತು ಎಲ್ಲ ಅಲ್ಲೇ ತೀರ್ಮಾನ. ಮಾತಿಗೆ ಕೈ ನಿಲ್ಲುತ್ತಿರಲಿಲ್ಲ, ಕೈಗೆ ಮಾತು ನಿಲ್ಲುತ್ತಿರಲಿಲ್ಲ. ಅಜ್ಜಿ ಕಟ್ಟು ಜೋಡಿಸಿಡುತ್ತಿದ್ದರೆ ನಾನು ಎಣಿಸುತ್ತಿದ್ದೆ. ಶಾಲೆಯಲ್ಲಿ ಹೇಳಿಕೊಡುವ ಮೊದಲೇ ನನಗೆ ಇಪ್ಪತ್ತೈದರ ಮಗ್ಗಿ ಬರುತ್ತಿತ್ತು.

ಬೀಡಿ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆ ಪುಡಿಯ ಘಾಟಿಗೆ ಅಜ್ಜಿಗೆ ಕೆಮ್ಮು ಕೊನೆಯವರೆಗೂ ಬಿಡಲಿಲ್ಲ. ಚಿಕ್ಕಪ್ಪ ಕಾಲೇಜಿನಲ್ಲಿದ್ದಾಗ ಕದ್ದು ಬೀಡಿ ಸೇದಿದ್ದು ಗೊತ್ತಾಗಿ, ‘ಕಟ್ಟುವುದು ಹೊಟ್ಟೆಗೆ, ಸೇದುವುದು ಎಂತಕ್ಕೆ?’ ಎಂದು ಎರಡು ದಿನ ಅವರೊಡನೆ ಮಾತು ಬಿಟ್ಟಿದ್ದರಂತೆ.

ಅಜ್ಜಿಯ ಟ್ರಂಕಿನಲ್ಲಿ ಸೀರೆಗಿಂತ ಜೋಪಾನವಾಗಿದ್ದುದು ಪಿ.ಎಫ್. ಕಾಗದಗಳು. ಅದರ ಹಿಂದೆ ಒಂದು ಕತೆಯೇ ಇದೆ. ಬೀಡಿ ಉದ್ಯಮಕ್ಕೆ ಭವಿಷ್ಯ ನಿಧಿ ಅನ್ವಯವಾದದ್ದು 1977ರಲ್ಲಿ. ಆದರೆ ಮನೆಯಲ್ಲಿ ಕೂತು ಕಟ್ಟುವವರು ನೌಕರರೇ ಅಲ್ಲ ಎಂದು ಮಾಲೀಕರು ವಾದಿಸಿದರು. ಅವರೂ ನೌಕರರೇ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಜ್ಜಿಯ ಲಾಗ್‌ಬುಕ್ ಶುರುವಾಗುವುದು ಅದರ ಮರುವರ್ಷ. ತೀರ್ಪಿನ ವಿಷಯ ಅವರಿಗೆ ತಿಳಿದಿರಲಿಲ್ಲ, ‘ಯೂನಿಯನ್‌ನವರು ಮಾಡಿಸಿಕೊಟ್ಟರು’ ಎಂದಷ್ಟೇ ಹೇಳುತ್ತಿದ್ದರು. ಅಂದಿನಿಂದ 58 ವರ್ಷ ತುಂಬಿ ಕಾರ್ಡು ನಿಲ್ಲುವ ತನಕ 20 ವರ್ಷ. ದಿನಕ್ಕೆ 800 ಬೀಡಿ, ವರ್ಷಕ್ಕೆ 300 ದಿನ ಎಂದು ಹಿಡಿದರೂ 48 ಲಕ್ಷ ಬೀಡಿ. ಒಂದೊಂದಕ್ಕೂ ಒಂದೊಂದು ಗಂಟು. ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರಾಗುವ ನಾವು ಎರಡು ತಿಂಗಳ ಇಂಟರ್ನ್‌ಶಿಪ್‌ ಬಗ್ಗೆ ರೆಸ್ಯೂಮೆಯಲ್ಲಿ ನಾಲ್ಕು ಸಾಲು ಬರೆಯುತ್ತೇವೆ. ಕಾರ್ಡು ನಿಂತ ಮೇಲೂ ಅಜ್ಜಿಯ ಕೈ ನಿಲ್ಲಲಿಲ್ಲ, ಅಮ್ಮನ ಕಾರ್ಡಿಗೆ ಕಟ್ಟತೊಡಗಿದರು.

ಪಿಂಚಣಿ ಮೊದಲು ಕೆಲವು ನೂರು ರೂಪಾಯಿ ಬರುತ್ತಿತ್ತು, 2014ರಲ್ಲಿ ಸರ್ಕಾರ ಕನಿಷ್ಠ 1,000 ಮಾಡಿತು. ಅದಕ್ಕೆ ವರ್ಷಕ್ಕೊಮ್ಮೆ ‘ಬದುಕಿದ್ದೇನೆ’ ಎಂದು ಬೆರಳೊತ್ತಿ ತೋರಿಸಬೇಕು. ನಾನು ಪಿಯುಸಿಯಲ್ಲಿದ್ದಾಗ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ಹೆಬ್ಬೆರಳು ಇಟ್ಟರು, ಹೊಂದಲಿಲ್ಲ. ತೋರುಬೆರಳು, ಇಲ್ಲ. ಒರೆಸಿ ಇಟ್ಟರು, ಎಣ್ಣೆ ಸವರಿ ಇಟ್ಟರು. ಹತ್ತು ಬೆರಳೂ ಮುಗಿದವು. ‘ಎಂತ ಮಗಾ, ನಾನು ಇಲ್ಲಿ ನಿಂತಿರುವುದು ಮಿಷನ್‌ಗೆ ಕಾಣುವುದಿಲ್ವಾ?’ ಎಂದು ಕೇಳಿದರು. ಸುತ್ತ ಇದ್ದವರು ನಕ್ಕರು. ಅಜ್ಜಿ ನಗಲಿಲ್ಲ. ಕೊನೆಗೆ ಮುಖ ತೋರಿಸಿ ದೃಢಪಡಿಸುವ ಆ್ಯಪ್‌ನಲ್ಲಿ ಕೆಲಸ ಆಯಿತು. ಆ ತಿಂಗಳ ಹಣ ತಪ್ಪಲಿಲ್ಲ.

ಈಗ ಬಿ.ಇ.ಯಲ್ಲಿ ಬೆರಳಚ್ಚು ಗುರುತಿಸುವ ವಿಧಾನ ಓದಿದ್ದೇನೆ. ಬೆರಳಿನ ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂಬ ಬಿಂದುಗಳನ್ನು ಯಂತ್ರ ಹೋಲಿಸಿ ನೋಡುತ್ತದೆ. ವಯಸ್ಸಾದವರಲ್ಲಿ, ಕೈಕೆಲಸ ಮಾಡುವವರಲ್ಲಿ ಗೆರೆಗಳು ಸವೆದಿರುತ್ತವೆ. ಸರಿಯಾದ ವ್ಯಕ್ತಿಯನ್ನೇ ಯಂತ್ರ ತಿರಸ್ಕರಿಸಿದರೆ ಅದಕ್ಕೆ ನಮ್ಮ ಪುಸ್ತಕದಲ್ಲಿ ಒಂದು ಹೆಸರಿದೆ, ಶೇಕಡಾ ಲೆಕ್ಕ ಹಾಕುವ ಸೂತ್ರವೂ ಇದೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿತ್ತು. ಸೂತ್ರ ಬರೆಯುವಾಗ ಕಣ್ಣ ಮುಂದಿದ್ದುದು ಹೊಗೆಸೊಪ್ಪಿನ ಬಣ್ಣ ಹತ್ತಿದ, ನುಣುಪಾದ ಆ ಹೆಬ್ಬೆರಳು.

ಕಳೆದ ವರ್ಷ ಆಟಿ ತಿಂಗಳಿನಲ್ಲಿ, ಮಳೆ ಬಿಡದೆ ಸುರಿಯುತ್ತಿದ್ದ ವಾರ ಅಜ್ಜಿ ತೀರಿಕೊಂಡರು. ಮರಣ ನೋಂದಣಿಯ ಅರ್ಜಿಯಲ್ಲಿ ಮೃತರ ಉದ್ಯೋಗ ಕೇಳಿದ್ದರು. ಬರೆಯುತ್ತಿದ್ದ ಅಪ್ಪ ‘ಗೃಹಿಣಿ’ ಎಂದು ಹಾಕುವವರಿದ್ದರು. ಅಮ್ಮ ಒಳಗಿನಿಂದಲೇ, ‘ಬೀಡಿ ಕಾರ್ಮಿಕೆ ಅಂತ ಬರೀರಿ, ಪಿ.ಎಫ್. ನಂಬರ್ ಉಂಟಲ್ಲ’ ಎಂದರು. ಅಪ್ಪ ಹಾಗೇ ಬರೆದರು.

ಅಜ್ಜಿಯ ಕತ್ತರಿ ಈಗ ಅಮ್ಮನ ಬಳಿ ಇದೆ. ಸಾಣೆ ಹಿಡಿದು ಹಿಡಿದು ಅದರ ಅಲಗು ಅರ್ಧ ಸವೆದಿದೆ. ಬ್ರಾಂಚಿನಲ್ಲಿ ಈಗ ಎಲೆ ಕೊಡುವುದೇ ಕಡಿಮೆ. ವಾರದಲ್ಲಿ ಮೂರು ದಿನ ಕೆಲಸ ಸಿಕ್ಕಿದರೆ ಹೆಚ್ಚು. ಜಗಲಿಗೆ ಬರುವವರು ಇಬ್ಬರೇ ಉಳಿದಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ನಾನೂ ಪಕ್ಕದಲ್ಲಿ ಕೂತು ಕಟ್ಟು ಎಣಿಸಿಕೊಡುತ್ತೇನೆ.